ಕೊಳವೆಯೊಳಗೆ ಸಿಗದ ಅಕ್ಷತೆ

ಬೆಳಗಿನ ಆರು ಗಂಟೆ. ವಡೋದರಾದ ಮಕರಪುರದಲ್ಲಿ ಚಹಾದಂಗಡಿಗಳು ಇನ್ನೂ ಆಕಳಿಸುತ್ತಿವೆ. ಕಾರ್ಖಾನೆಯೊಳಗೆ ಇಂದುಮತಿ ಬಳೆ, ಓಲೆ ತೆಗೆದಿಟ್ಟು, ಹಣೆಯ ಕುಂಕುಮವನ್ನೂ ಒರೆಸಿಕೊಂಡು, ಉಕ್ಕಿನ ಕೊಳವೆಯ ಬಾಯಿಗೆ ಟಾರ್ಚ್ ಹಿಡಿದು ಇಣುಕುತ್ತಿದ್ದಾರೆ. ಒಳಗಿಂದ ಎಳೆದು ತೆಗೆದ ಬಿಳಿ ಬಟ್ಟೆಯ ಮೇಲೆ ಒಂದು ಚುಕ್ಕೆ ಕಂಡರೂ ಮತ್ತೆ ಮೊದಲಿನಿಂದ ಶುರು.

ಕೆಲವು ಅಣುಸ್ಥಾವರಗಳಲ್ಲಿ ಇಂಧನದ ಬಿಸಿಯನ್ನು ಹೊತ್ತೊಯ್ಯುವುದು ನೀರಲ್ಲ, ಕರಗಿದ ಸೋಡಿಯಂ. ಅದು ಹರಿಯುವ ಸಂದಿಗಳೋ ಬಲು ಕಿರಿದು. ಕಸ ಸಿಕ್ಕಿ ಹರಿವು ನಿಂತರೆ ಅಲ್ಲಿ ಬಿಸಿ ಏರಿ ಅಪಾಯ ಕಟ್ಟಿಟ್ಟ ಬುತ್ತಿ. ಆ ಹರಿವನ್ನು ಪರೀಕ್ಷಿಸುವ ಕೊಳವೆಗಳು ಇಲ್ಲಿ ತಯಾರಾಗುತ್ತವೆ. ಮುಚ್ಚುವ ಮುನ್ನ ಕೊನೆಯ ಕಣ್ಣು ಇಂದುಮತಿಯದು. "ಏನ್ ದೊಡ್ಡ ವಿದ್ಯಾ ಅಲ್ರಿ, ಅಕ್ಕಿ ಆರಿಸಿದಂಗ ಅಷ್ಟ" ಎಂದು ನಗುತ್ತಾರೆ.

ಗದಗಿನವರಾದ ಅವರು ಗಂಡನ ರೈಲ್ವೆ ವರ್ಗಾವಣೆಯ ಬೆನ್ನಿಗೆ ಇಲ್ಲಿಗೆ ಬಂದವರು. ಭಾಷೆ ಬಾರದ ಊರಿನಲ್ಲಿ ಕೆಲಸ ಕಲಿಸಿದವರು ಮೈಸೂರು ಕಡೆಯ ಹಿರಿಯ ಫಿಟ್ಟರ್ ಪಟ್ಟಾಭಿರಾಮ. ಇಂದುಮತಿಗೆ ಅವರು ಕಾಕಾ.

ಅವರ ಮಾತು ಬಂದರೆ ಇಂದುಮತಿಯ ನಗು ನಿಲ್ಲುತ್ತದೆ. ಎರಡು ವರ್ಷದ ಹಿಂದಿನ ಆಯುಧಪೂಜೆಯಂದು ಕಾಕಾ ಯಂತ್ರಗಳಿಗೆ ಅಕ್ಷತೆ ಹಾಕಿದರು. ಬೆಳಿಗ್ಗೆ ಇಂದುಮತಿ ನೋಡಿ ಸರಿ ಎಂದಿದ್ದ ಕೊಳವೆ ಪಕ್ಕದಲ್ಲೇ ಇತ್ತು. ಪೂಜೆಯ ಗಡಿಬಿಡಿಯಲ್ಲಿ ಯಾರೂ ಮತ್ತೆ ಇಣುಕದೆ ಅದಕ್ಕೆ ಬೆಸುಗೆಯೂ ಬಿತ್ತು. ಆಮೇಲೆ ಇಂದುಮತಿಗೆ ಅನುಮಾನ ಹೊಕ್ಕಿತು: ಒಂದು ಕಾಳು ಒಳಗೆ ಬಿದ್ದಿದ್ದರೆ?

"ಸೀದಾ ಸಾಹೇಬ್ರ ಕಡೆ ಹೋದೆ ರೀ. ಕಾಕಾರನ್ನ ಕೇಳ್ಲಿಲ್ಲ."

ಕೊಳವೆ ಕೊಯ್ದರು. ಒಂದು ಕಾಳೂ ಸಿಗಲಿಲ್ಲ. ಆದರೂ ಕೊಳವೆಯ ಪಕ್ಕ ಅಕ್ಷತೆ ಹಾಕಿದ್ದೇ ತಪ್ಪೆಂದು ಕಾಕಾರನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು. ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ಅವರು ಕೆಲಸವನ್ನೇ ಬಿಟ್ಟರು. ಹೊರಡುವಾಗ ಹೇಳಿದ್ದು ಇಷ್ಟೇ: "ನನ್ನನ್ನೇ ಕೇಳಿದ್ರೆ ಹೇಳ್ತಿದ್ದೆನಲ್ಲಮ್ಮ. ಕೊಳವೆ ಬಾಯಿಗೆ ಬಟ್ಟೆ ಕಟ್ಟಿಯೇ ಪೂಜೆ ಮಾಡಿದ್ದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾಕಾ ಈಗ ಸೂರತ್‌ನಲ್ಲಿ ಮಗಳು ನಮಿತಾಳ ಮನೆಯಲ್ಲಿದ್ದಾರೆ. ಇಂದುಮತಿ ಫೋನ್ ಮಾಡಿದಾಗಲೆಲ್ಲ ಎತ್ತುವುದು ನಮಿತಾ. "ಅಪ್ಪ ಮಲಗಿದ್ದಾರೆ" ಎನ್ನುತ್ತಾಳೆ, ಹಗಲು ಹನ್ನೊಂದಕ್ಕೂ.

"ಅನುಮಾನ ಬಂದ್ರ ಇವತ್ತೂ ಕೊಯ್ಸೇ ಕೊಯ್ಸ್ತೀನ್ರಿ. ಆ ಮಾತು ಬ್ಯಾರೆ. ಆದ್ರ ಕಲಿಸಿದವ್ರನ್ನ ಮೊದ್ಲ ಕೇಳಬೇಕಿತ್ತು."

ಪೂಜೆಗೆ ಮುನ್ನ ಕೊಳವೆಯ ಬಾಯಿಗೆ ಬಟ್ಟೆ ಕಟ್ಟುವುದು ಈಗ ಇಡೀ ಕಾರ್ಖಾನೆಯ ಪದ್ಧತಿ. ಅದು ಯಾರದೆಂದು ಯಾರೂ ಹೇಳುವುದಿಲ್ಲ. ಕಟ್ಟುವವರು ಇಂದುಮತಿ.

ಏನಾದರೂ ಆಸೆ ಇದೆಯೇ ಎಂದರೆ ಟಾರ್ಚ್ ಆರಿಸುತ್ತಾರೆ. "ಕಾಕಾ ಒಮ್ಮೆ ಬರ್ಲಿ ರೀ. ಗಂಟು ಸರಿ ಐತೇನ್ರಿ ಕಾಕಾ, ಅಂತ ಮೊದ್ಲ ಅವ್ರನ್ನ ಕೇಳ್ತೀನಿ."