ಓದದೆ ಅಳಿಸಿದ್ದು

ಚಾಟ್ ಸರ್ವರ್ ಅನ್ನು ತನ್ನ ಲ್ಯಾಪ್‌ಟಾಪಿನಲ್ಲೇ ‘ಕಂಟೇನರ್’ ಎಂಬ ತಾತ್ಕಾಲಿಕ ಡಬ್ಬಿಯೊಳಗೆ ಚಾಲೂ ಮಾಡಿ, ಸಂದೇಶ ತಲುಪುತ್ತದೋ ಇಲ್ಲವೋ ನೋಡುವುದು ಅವಳ ಕೆಲಸ. ತಲುಪಿದರೆ “ಬಂತು” ಎನ್ನುವಳು. ಕಚೇರಿಯಲ್ಲಿ ಅವಳ ಅಡ್ಡಹೆಸರೇ ಬಂತಮ್ಮ. ಏನು ಬರೆದಿದೆಯೆಂದು ಓದುವ ಗೋಜಿಗೆ ಹೋದವಳಲ್ಲ. ಕೆಲಸ ಮುಗಿದೊಡನೆ ಕಂಟೇನರ್ ಅಳಿಸುವಳು, ಸಂದೇಶಗಳೂ ಅದರೊಂದಿಗೇ ಹೋಗುವವು.

ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಕ್ಕ ಒಂದು ಭಾನುವಾರ ಮನೆಗೆ ಬಂದಳು. ಇಬ್ಬರೂ ಕಾಫಿ ಕುಡಿದು ಮುಗಿಸಿದರು. ಕೊನೆಗೆ ಇವಳೇ ಫೋನ್ ಚಾಚಿ, “ಏನಾದ್ರೂ ಬರ್ದು ಕಳ್ಸು, ಸರ್ವರ್ ನೋಡ್ಬೇಕು” ಎಂದಳು.

ಅಕ್ಕ ಬಹಳ ಹೊತ್ತು ಬರೆದಳು.

ಹಾಳು ಅಭ್ಯಾಸ! “ಬಂತು” ಎಂದವಳೇ ಎಲ್ಲ ಅಳಿಸಿಬಿಟ್ಟಳು. ಆಮೇಲೆ ಕೇಳಿದಳು, “ಏನಕ್ಕಾ ಬರ್ದಿದ್ದೆ?”

“ಬಂತು ಅಂದ್ಯಲ್ಲ,” ಎಂದು ಅಕ್ಕ ಚಪ್ಪಲಿ ಮೆಟ್ಟಿದಳು. ಮತ್ತೆ ಬರಲಿಲ್ಲ.

ಈಗ ಬಂತಮ್ಮ ಪ್ರತಿ ಸಂದೇಶವನ್ನೂ ಓದುತ್ತಾಳೆ. ಎಲ್ಲದರಲ್ಲೂ ‘ಹಲೋ, ಹಲೋ’ ಎಂದಷ್ಟೇ ಇರುತ್ತದೆ.