ದಾಳ ಮುಟ್ಟದ ಕೃಷ್ಣಾಬಾಯಿ

ಇವತ್ತೂ ಯಾರಾದರೂ ಕಾಲಿಗೆ ಬಿದ್ದರೆ ಏನು ಮಾಡುವುದು? ಭಾನುವಾರದ ಬೆಳಗಿನ ಜಾವ, ಸುಲ್ತಾನ್ ಬಜಾರಿನ ಗಲ್ಲಿಯಲ್ಲಿ ಅಂಗಡಿಯ ಶಟರ್ ಎತ್ತುತ್ತ ಕೃಷ್ಣಾಬಾಯಿ ತಮ್ಮನ್ನು ತಾವೇ ಕೇಳಿಕೊಳ್ಳುತ್ತಾರೆ. ಹೋದ ವಾರ ಒಬ್ಬರು ಬಿದ್ದೇಬಿಟ್ಟಿದ್ದರು. ಬೇಡವೆನ್ನಲು ಇವರು ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡೂ ಆಗಿತ್ತು.

ಅಂಗಡಿಯೆಂದರೆ ಮಹಡಿ ಮೆಟ್ಟಿಲ ಕೆಳಗಿನ ಸಂದು. ಹೊಲಿಗೆ ಯಂತ್ರ, ಒಂದು ಸ್ಟೂಲು, ದಾರದ ಉಂಡೆಗಳ ಡಬ್ಬಿ. ಸೀರೆಗೆ ಫಾಲ್ ಹಚ್ಚುವುದು ಇಲ್ಲಿಯ ಕಸುಬು. ಲಗ್ನದ ದಿನಗಳಲ್ಲಿ ದಿನಕ್ಕೆ ಮೂವತ್ತು ಸೀರೆ ಕೈದಾಟಿದರೆ, ಆಷಾಢದಲ್ಲಿ ನಾಲ್ಕು ಬಂದರೆ ಹೆಚ್ಚು. ಗಂಡ ವಾಸುದೇವ ತೀರಿಕೊಂಡಾಗ ಮಗಳು ಇನ್ನೂ ಶಾಲೆಯಲ್ಲಿದ್ದಳು. ಕಲಬುರ್ಗಿಗೆ ಬಂದುಬಿಡು ಎಂದರು ಅಣ್ಣಂದಿರು. “ಹೋಗಿ ಯಾರ ಮನ್ಯಾಗ ರೊಟ್ಟಿ ಬಡೀಲಿ? ಇಲ್ಲೆ ಮಷೀನರೆ ನಂದ ಐತಿ,” ಎನ್ನುತ್ತಾರೆ ಕೃಷ್ಣಾಬಾಯಿ. ಮಗಳನ್ನು ಓದಿಸಿ ದಡ ಹತ್ತಿಸಿದ್ದು ಇದೇ ಯಂತ್ರ. ಗಿರಾಕಿಗಳೊಂದಿಗೆ ತೆಲುಗು, ಪಕ್ಕದ ಬಳೆ ಅಂಗಡಿಯವರೊಂದಿಗೆ ದಖನಿ ಉರ್ದು, ಎರಡರಲ್ಲೂ ಅವರದು ಚುಟುಕು ಮಾತು. ಕನ್ನಡದಲ್ಲೂ ಅಷ್ಟೇ.

ಭಾನುವಾರ ಬಜಾರು ಕಣ್ಣುಬಿಡುವ ಮೊದಲು ಅವರು ಮೆಟ್ಟಿಲ ಮುಂದಿನ ಜಾಗ ಗುಡಿಸಿ ಹಾವು–ಏಣಿಯ ಪಟ ಹಾಸುತ್ತಾರೆ. ಮಕ್ಕಳ ಆಟವೇ. ತಳ್ಳುಗಾಡಿಯಲ್ಲಿ ಕೊಂಡ ಕಾಗದದ ಪಟ ಹರಿದಾಗ, ಉಳಿದ ಫಾಲ್ ಬಟ್ಟೆಯ ತುಂಡು ಜೋಡಿಸಿ ಹಾವು, ಏಣಿಗಳನ್ನೆಲ್ಲ ದಾರದಲ್ಲಿ ಎಬ್ಬಿಸಿದರು. ವೈಕುಂಠ ಏಕಾದಶಿಯ ಜಾಗರಣೆಗೆ ಅವರ ಅಜ್ಜಿ ಇಂಥದ್ದೇ ಪಟ ಆಡಿಸುತ್ತಿದ್ದರಂತೆ. ಆ ನೆನಪಿಗೆ ಒಂದು ಏಕಾದಶಿಯಂದು ನೆರೆಯವರಿಬ್ಬರನ್ನು ಕರೆದರು. ಅವರು ಮುಂದಿನ ವಾರವೂ ಬಂದರು.

ಇಲ್ಲಿ ಎಲ್ಲರಿಗೂ ಸೇರಿ ಒಂದೇ ಕಾಯಿ, ಹಳೆಯ ಕೋಟಿನ ಗುಂಡಿ. ಗೆಲ್ಲುವವರಿಲ್ಲ, ಸೋಲುವವರೂ ಇಲ್ಲ. ಸರದಿಯಂತೆ ದಾಳ ಉರುಳಿಸುತ್ತಾರೆ. ಏಣಿ ಸಿಕ್ಕವರು ತಮ್ಮನ್ನು ಕೈಹಿಡಿದು ಎತ್ತಿದವರೊಬ್ಬರನ್ನು ನೆನೆಯಬೇಕು. ಹಾವು ಸಿಕ್ಕವರು ಮನಸ್ಸಿನೊಳಗಿನ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕೇಳಿದವರು ಬುದ್ಧಿ ಹೇಳುವಂತಿಲ್ಲ. ಕಣ್ಣುಮುಚ್ಚಿ ಹರಿನಾಮ ಹೇಳುತ್ತ ಎಲ್ಲರೂ ಕೂಡಿ ಆ ಗುಂಡಿಯೊಂದಿಗೆ ಕೆಳಗಿಳಿಯಬೇಕು.

“ಮೀಸಿ ಬೆಳ್ಳಗಾದ್ರೂ ಹಾವು–ಏಣಿ ಆಡ್ತೀರಲ್ಲಾ ಅಂತ ಹೆಂಡ್ತಿ ನಗ್ತಾಳ್ರಿ,” ಎನ್ನುತ್ತಾರೆ ಶಿವಪ್ರಕಾಶ. ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸುವ ಅವರು ರಾತ್ರಿಪಾಳಿ ಮುಗಿಸಿ ಸೀದಾ ಇಲ್ಲಿಗೇ ಬರುತ್ತಾರೆ. “ಆದ್ರ ನಾ ಒಬ್ಬ ಜಾರಿದ್ರ ಇಲ್ಲೆ ಎಲ್ಲಾರೂ ಜಾರ್ತಾರ. ಅದು ಭಾಳ ಸಮಾಧಾನ ನೋಡ್ರಿ.” ಮಿಯಾಪುರದಿಂದ ಮೆಟ್ರೊ ಹಿಡಿದು ಬರುವ ಮೈಸೂರಿನ ಹುಡುಗಿ ಶುಭಾ ಐಟಿ ಕಂಪನಿಯಲ್ಲಿದ್ದಾಳೆ. “ಆಫೀಸಲ್ಲಿ ಎಲ್ರೂ ಏಣಿ ಬಗ್ಗೇನೇ ಮಾತಾಡೋದು. ಹಾವು ಕಚ್ತು ಅಂತ ಹೇಳ್ಕೊಳ್ಳೋಕೆ ನಂಗಿರೋದು ಇದೊಂದೇ ಜಾಗ,” ಎನ್ನುತ್ತಾಳೆ.

ಕೃಷ್ಣಾಬಾಯಿ ಮಾತ್ರ ದಾಳ ಮುಟ್ಟುವುದಿಲ್ಲ. ಗುಂಡಿ ಸರಿಸುವುದಷ್ಟೇ ಅವರ ಪಾಲು. ಇದು ನಿವೃತ್ತ ಶಿಕ್ಷಕಿ ಪ್ರಫುಲ್ಲಾ ಅವರ ಕಣ್ಣಿಗೆ ಬಿತ್ತು. “ವೈಕುಂಠದ ತುದೀಮನಿ ಮುಟ್ಟಿದವರಿಗೆ ದಾಳ ಯಾಕ ಬೇಕು?” ಎಂದುಬಿಟ್ಟರು. ಮಾತು ಹಬ್ಬಿತು. ಕೃಷ್ಣಾಬಾಯಿ ‘ಮಾತಾಜಿ’ ಆದದ್ದು ಹೀಗೆ.

ಇವತ್ತು ಪ್ರಫುಲ್ಲಾ ಮಲ್ಲಿಗೆ ಹಾರ, ಕೆತ್ತನೆಯ ಮಣೆ ಎರಡನ್ನೂ ತಂದಿದ್ದಾರೆ. “ಇನ್ನ ಮ್ಯಾಲೆ ನೀವು ನೆಲಕ್ಕ ಕೂಡೂದು ಶೋಭಾ ಅಲ್ರಿ ಮಾತಾಜಿ. ಏಳ್ರಿ, ಇದರ ಮ್ಯಾಲೆ ಕೂಡ್ರಿ.”

ಕೃಷ್ಣಾಬಾಯಿ ಮಣೆಯನ್ನು ನೋಡುತ್ತಾರೆ. ಅದರ ಮೇಲೆ ಕೂತರೆ ಮತ್ತೆಂದೂ ಈ ಪಟದ ಸುತ್ತ ಅವರಿಗೆ ಜಾಗವಿಲ್ಲ. ಒಲ್ಲೆನೆಂದರೆ, ಇವಳಲ್ಲಿ ಏನೂ ಇಲ್ಲವೆಂದು ತಿಳಿದು ಇವರೆಲ್ಲ ಬರುವುದನ್ನೇ ಬಿಟ್ಟರೆ? ವಾರವಿಡೀ ಸೀರೆಗಳ ನಡುವೆ ತಲೆತಗ್ಗಿಸಿ ಕೂರುವವರಿಗೆ ಎದುರು ಬದುರು ಕೂತು ಮುಖ ನೋಡುವ ಜನ ಇವರಷ್ಟೇ.

“ದಾಳಾ ಕೊಡ್ರಿ,” ಎಂದು ಅವರು ಕೈಚಾಚುತ್ತಾರೆ.

ದಾಳ ಉರುಳುತ್ತದೆ. ಮೂರು. ಗುಂಡಿ ಹೋಗಿ ನಿಂತದ್ದು ಬರಿ ಮನೆಯಲ್ಲಿ. ಅಲ್ಲಿ ಹಾವೂ ಇಲ್ಲ, ಏಣಿಯೂ ಇಲ್ಲ.

“ನೋಡಿದ್ರೇನು? ಅವ್ರನ್ನ ಹಾವು ಹ್ಯಾಂಗ ಕಚ್ಚೀತು!” ಎಂದು ಪ್ರಫುಲ್ಲಾ ಕೈಮುಗಿಯುತ್ತಾರೆ.

“ಅಲ್ರಿ ಟೀಚರ್, ಕಚ್ಚಾಕ ಅಲ್ಲಿ ಹಾವರೆ ಎಲ್ಲೈತಿ?” ಎಂದು ಶಿವಪ್ರಕಾಶ ಮೀಸೆಯಡಿ ನಗುತ್ತಾರೆ.

ಬರಿ ಮನೆಗೆ ಮಾತಿನ ಹಂಗಿಲ್ಲ. ಆಟದ ನೇಮದಂತೆ ಕೃಷ್ಣಾಬಾಯಿ ಸುಮ್ಮನಿರಬಹುದು. ಮುಂದಿನ ಸರದಿಯ ಶುಭಾ ದಾಳಕ್ಕೆ ಕೈ ಚಾಚಿದ್ದಾಳೆ. ಅವರು ಕೊಡುವುದಿಲ್ಲ.

“ಹಾವು ಕಚ್ಚಿಲ್ಲ. ಆದ್ರೂ ಹೇಳ್ತೀನ್ರಿ.” ಅವರು ದಾಳವನ್ನು ಮುಷ್ಟಿಯಲ್ಲೇ ಹಿಡಿದುಕೊಳ್ಳುತ್ತಾರೆ. “ನಾ ಎಲ್ಲೂ ಮುಟ್ಟಿಲ್ಲ. ನಿಮ್ಮೆಲ್ಲರ ಮುಂದ ಬಾಯಿ ಬಿಡಾಕ ನನಗ ಅಂಜಿಕಿ. ಹಾವು ಸಿಕ್ರ ಮಾತಾಡಬೇಕಲ್ಲಾ, ಅದಕ್ಕ ದಾಳಾ ಮುಟ್ಟಲಿಲ್ಲ. ಇಷ್ಟ ನೋಡ್ರಿ ನನ್ನ ವೈರಾಗ್ಯ.”

ಬುದ್ಧಿ ಹೇಳಬಾರದೆಂಬ ನೇಮ ಪ್ರಫುಲ್ಲಾ ಅವರಿಗೂ ಗೊತ್ತು. ಅವರು ಮಣೆಯನ್ನು ಗೋಡೆಗೆ ಸರಿಸಿ, ಕೃಷ್ಣಾಬಾಯಿಯ ಪಕ್ಕ ಭುಜಕ್ಕೆ ಭುಜ ತಾಗುವಂತೆ ನೆಲಕ್ಕೆ ಕೂರುತ್ತಾರೆ. ಕೃಷ್ಣಾಬಾಯಿ ದಾಳವನ್ನು ಶುಭಾಳ ಕೈಗಿಡುತ್ತಾರೆ.

“ನನಗ ಆಡಿಸೂದು ಸಾಕಾಗೇತ್ರಿ. ನಿಮ್ಮ ಕೂಡ ಆಡಬೇಕಾಗೇತಿ.”