ಬಣ್ಣ ಬಳಿದ ಪಂಪು

ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಕೂತವಳಿಗೆ ಅನುಮಾನ ಪಡುವುದು ಕಸುಬಿನ ಭಾಗವೇ ಆಗಿಬಿಟ್ಟಿದೆ. ಬಾಟಲಿಯ ಮೇಲೆ ಒಬ್ಬರ ಹೆಸರು, ಒಳಗೆ ಇನ್ನೊಬ್ಬರ ರಕ್ತ ಇರುವುದನ್ನು ನಾನು ಕಂಡಿದ್ದೇನೆ. ಆ ಅಭ್ಯಾಸ ಬೀದರಿನ ಚಿದ್ರಿಯ ನಮ್ಮ ಮನೆಗೂ ನನ್ನ ಹಿಂದೆಯೇ ಬಂತು. ಹಾಲಿನವನಿಂದ ಹಿಡಿದು ಗ್ಯಾಸಿನವನವರೆಗೆ ಎಲ್ಲರೂ ನನ್ನ ಮುಂದೆ ಸ್ವಲ್ಪ ಹುಷಾರಾಗಿ ನಿಲ್ಲುತ್ತಾರೆ.

ಔರಾದ ತಾಲೂಕಿನ ಎಕಂಬಾದಲ್ಲಿ ನಮ್ಮಪ್ಪನ ಹೊಲವಿದೆ. ಅದನ್ನು ನೋಡಿಕೊಳ್ಳುವವನು ನಮ್ಮಣ್ಣ. ಸೋಯಾ, ತೊಗರಿ ಸಾಲುಗಳ ನಡುವೆ ಹೋಗಲೆಂದು ನಾವಿಬ್ಬರೂ ಕೂಡಿ ಒಂದು ಸಣ್ಣ ಟ್ರ್ಯಾಕ್ಟರ್ ತಗೊಂಡಿದ್ದೆವು. ಹೋದ ವರ್ಷ ಅಣ್ಣ ಅದರ ಮುಂದೆ ಎತ್ತಿ ಇಳಿಸುವ ಕಬ್ಬಿಣದ ಬಕೆಟ್ ಕೂಡಿಸಿದ, ತಿಪ್ಪೆಯ ಗೊಬ್ಬರ ಎತ್ತಲಿಕ್ಕೆ, ಹೊಲದ ಕಲ್ಲು ಬಾಚಿ ಹಾಕಲಿಕ್ಕೆ. ಆದರೆ ಗಾಡಿಯ ಎಣ್ಣೆಯ ಒತ್ತಡ ಎರಡೂ ಕಡೆಗೆ ಸಾಲುತ್ತಿರಲಿಲ್ಲ. ಮುಂದೆ ಬಕೆಟ್ ಏರುತ್ತಿದ್ದರೆ ಹಿಂದೆ ಮಣ್ಣು ಹದ ಮಾಡುವ ರೋಟಾವೇಟರ್ ಕುಸಿಯುತ್ತಿತ್ತು.

ಒಂದು ದಿನ ಅವನ ಫೋನು ಬಂತು. "ಇನ್ನೊಂದು ಹೈಡ್ರಾಲಿಕ್ ಪಂಪ್ ಕೂಡಸಬೇಕಾಗ್ಯಾದವಾ. ಭಾಲ್ಕಿ ಉಸ್ತಾದ್ರು ಮಾಡಿ ಕೊಡ್ತೀನಿ ಅಂದಾರ."

"ಹೊಸಾ ಪಂಪೇ ಹಾಕ್ತಾರೇನು?"

"ಮತ್ತ?" ಎಂದ. ಅಷ್ಟೇ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಪಿಕಪ್‌ನಲ್ಲಿ ಟ್ರ್ಯಾಕ್ಟರ್ ಹೇರಿಕೊಂಡು ಅವನು ಭಾಲ್ಕಿಗೆ ಹೊರಟ ದಿನ ನಾನೂ ರಜೆ ಹಾಕಿ ಬೀದರಿನಿಂದ ಬಸ್ಸು ಹತ್ತಿದೆ.

ಉಸ್ತಾದ್ ಅಂದರೆ ಅಣ್ಣನ ವಯಸ್ಸಿನ ಮೆಕ್ಯಾನಿಕ್. ತಗಡಿನ ಶೆಡ್ಡಿನಲ್ಲಿ ಒಬ್ಬನೇ ಕೆಲಸ ಮಾಡುವ ಮನುಷ್ಯ, ಮಾತು ಕಡಿಮೆ. ನನ್ನನ್ನು ನೋಡಿ ಒಂದು ಕುರ್ಚಿ ಒರೆಸಿ ಹಾಕಿದ. "ಕುಂದರ್ರಿ ಮೇಡಂ. ಧೂಳ್ ಭಾಳ ಅದ."

ನಾನು ಕೂತೆ. ಸಂಜೆಯತನಕ ಏಳಲಿಲ್ಲ. ಅವನು ಇಂಜಿನ್ನಿನ ಮುಂದೆ ತಿರುಗುವ ಪುಲ್ಲಿಗೆ ಬೆಲ್ಟ್ ಹಾಕಿದ, ಪಕ್ಕದಲ್ಲಿ ಕಬ್ಬಿಣದ ದಪ್ಪ ಪಟ್ಟಿ ಬಿಗಿದ, ಅದರ ಮೇಲೆ ಪಂಪು ಕೂಡಿಸಿದ. ಸೀಟಿನ ಹಿಂದೆ ಎಣ್ಣೆಗೆ ಬೇರೆ ಟಾಕಿ ಇಟ್ಟ. ಪಂಪು ನೀಲಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಒಂದು ಬೋಲ್ಟ್ ಬಿಗಿಯುವಾಗ ಪಾನಾ ಜಾರಿ ಬಣ್ಣ ಕೆರೆಯಿತು. ಅದರ ಕೆಳಗೆ ಕೆಂಪು ಕಾಣಿಸಿತು.

ಫೋನು ತೆಗೆದು ಫೋಟೋ ಹೊಡೆದೆ. ಉಸ್ತಾದ್ ನೋಡಿದ, ಅಣ್ಣನೂ ನೋಡಿದ. ಅಣ್ಣ ಚಹಾ ತರುತ್ತೇನೆಂದು ಹೊರಗೆ ಹೋದ.

ಸಂಜೆ ಗಾಡಿ ಚಾಲೂ ಮಾಡಿದಾಗ ಬಕೆಟ್ ಕಣ್ಣೆದುರೇ ಸರಾಗ ಏರಿತು, ಹಿಂದಿನ ರೋಟಾವೇಟರ್ ಅಲುಗಲಿಲ್ಲ. ಅಣ್ಣನ ಮುಖ ಅರಳಿತು. ನನಗೆ ಮಾತ್ರ ಆ ಕೆಂಪು ಗೆರೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹಳೆಯ ಪಂಪಿಗೆ ಬಣ್ಣ ಬಳಿದವನು ಹಳೆಯ ಎಣ್ಣೆಯನ್ನೇ ಸೋಸಿ ಹಾಕಿರಲಾರನೇ?

ಮುಂದಿನ ಭಾನುವಾರ ಎಕಂಬಾಕ್ಕೆ ಹೋದೆ. ಅಣ್ಣ ಸ್ನಾನಕ್ಕೆ ಹೋಗಿದ್ದಾಗ ಟಾಕಿಯ ಮುಚ್ಚಳ ತಿರುಗಿಸಿ ತೆಗೆದೆ, ಅದನ್ನು ಮಡ್‌ಗಾರ್ಡ್ ಮೇಲೆ ಕರವಸ್ತ್ರ ಹಾಸಿ ಬೋರಲಿಟ್ಟೆ, ಲ್ಯಾಬಿನಿಂದ ತಂದಿದ್ದ ಸಣ್ಣ ಬಾಟಲಿಯಲ್ಲಿ ಎಣ್ಣೆ ತುಂಬಿಕೊಂಡೆ. ಟಾಕಿಯ ಮುಚ್ಚಳ ತಿರುಗಿಸಿ ಹಾಕಿ, ಕರವಸ್ತ್ರ ಮಡಚಿ ಬ್ಯಾಗಿಗೆ ಸೇರಿಸಿದೆ. ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಎಣ್ಣೆ ಜೇನಿನಷ್ಟು ತಿಳಿಯಾಗಿತ್ತು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಬೇಜಾರೇ ಆಯಿತು.

ಎರಡು ವಾರ ಕಳೆದ ಮೇಲೆ ಅಣ್ಣನ ದನಿ ಫೋನಿನಲ್ಲಿ ಸಣ್ಣದಾಗಿತ್ತು. "ಪಂಪ್ ಕುಂಯ್ ಅಂತ ಅಳ್ಲಿಕತ್ತಾದ. ಬಕೆಟ್ ನಡಗತದ. ಟಾಕ್ಯಾಗ ನೋಡ್ದರ ಎಣ್ಣಿ ಮಜ್ಜಿಗಿ ಆದಂಗ ಬೆಳ್ಳಗ ಆಗ್ಯಾದ."

ನಾನು ಕಾಯುತ್ತಿದ್ದುದೇ ಇದಕ್ಕೆ ಅನ್ನುವಂತೆ ಉಸ್ತಾದನಿಗೆ ಫೋನು ಹಚ್ಚಿದೆ. "ಹಳೇ ಪಂಪಿಗಿ ಬಣ್ಣಾ ಹಚ್ಚಿ ಕೊಟ್ಟೀರಿ. ಫೋಟೋ ಅದ ನನ್ನ ಹತ್ರ," ಎಂದೆ.

ಅವನು ಬಣ್ಣದ ಮಾತೇ ಎತ್ತಲಿಲ್ಲ. "ಎಣ್ಣಿ ಬೆಳ್ಳಗ ಆಗ್ಯಾದಂದ್ರ ನೀರು ಸೇರ್ಯಾದ್ರಿ ಮೇಡಂ. ಟಾಕಿ ಮುಚ್ಚಳ ನೋಡ್ರಿ ಮೊದಲು," ಎಂದ.

ತಪ್ಪು ನಮ್ಮ ಮೇಲೆ ಹಾಕುತ್ತಿದ್ದಾನೆ ಎಂದುಕೊಂಡು ಫೋನಿಟ್ಟೆ. ಮರುದಿನವೇ ಎಕಂಬಾಕ್ಕೆ ಹೋಗಿ ಇನ್ನೊಂದು ಬಾಟಲಿ ಎಣ್ಣೆ ತಂದೆ. ಚಿದ್ರಿಯ ಅಡುಗೆಮನೆಯಲ್ಲಿ ಹಳೆಯ ತವೆ ಕಾಯಿಸಿ, ಮೊದಲ ಬಾಟಲಿಯಿಂದ ಒಂದು ಹನಿ ಬಿಟ್ಟೆ. ಸುಮ್ಮನೆ ಹರಡಿ ಹೊಗೆಯಾಡಿತು. ಎರಡನೆಯದರ ಹನಿ ಬಿಟ್ಟೆ. ಚಟಪಟ ಸಿಡಿಯಿತು. ನೀರೇ. ಎಣ್ಣೆ ಹಾಕುವಾಗ ಚೊಕ್ಕಟವಿತ್ತು, ನೀರು ಆಮೇಲೆ ಸೇರಿದೆ. ಹಾಗಾದರೆ ಸೇರಿಸಿದವರು ಯಾರು? ಅಣ್ಣನೇ ಏನೋ ಎಡವಟ್ಟು ಮಾಡಿ ಮುಚ್ಚಿಡುತ್ತಿದ್ದಾನೆ ಅನ್ನಿಸಿತು. ಫೋನಿನಲ್ಲಿ ಕೇಳಿದರೆ, "ಗಾಡಿ ತೊಳದೀನಿ ಅಷ್ಟೇ, ಮೋಟಾರ್ ಪೈಪಿಲೆ. ಯಾವಾಗ್ಲೂ ತೊಳೀತೀನಲ್ಲ," ಎಂದ. ನಾನು ನಂಬಲಿಲ್ಲ.

ಬಾಟಲಿಗಳನ್ನು ಎತ್ತಿಡುವಾಗ ಕೈ ಒರೆಸಿಕೊಳ್ಳಲು ಬ್ಯಾಗಿನಿಂದ ಆ ಕರವಸ್ತ್ರ ತೆಗೆದೆ. ಮಡಿಕೆಯೊಳಗೆ ಬಳೆಯಷ್ಟಗಲದ ಕಪ್ಪು ರಬ್ಬರಿನ ಉಂಗುರ ಅಂಟಿಕೊಂಡಿತ್ತು. ಎಣ್ಣೆಯ ವಾಸನೆ ಬರುತ್ತಿತ್ತು.

ಅದು ಮುಚ್ಚಳದ ಒಳಗಿನದೆಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಅದಿಲ್ಲದ ಮುಚ್ಚಳವನ್ನು ನಾನೇ ತಿರುಗಿಸಿ ಬಂದಿದ್ದೆ. ಅಣ್ಣ ಗಾಡಿ ತೊಳೆದಾಗ ನೀರು ಅಲ್ಲಿಂದಲೇ ಇಳಿದಿತ್ತು.

ಎರಡು ದಿನ ಯಾರಿಗೂ ಹೇಳಲಿಲ್ಲ. ಡ್ಯೂಟಿಯಲ್ಲಿ ಒಂದೊಂದು ಬಾಟಲಿಯ ಚೀಟಿಯನ್ನೂ ಮೂರು ಮೂರು ಸಲ ಓದಿದೆ. ಮೂರನೆಯ ದಿನ ಉಂಗುರವನ್ನು ಕಾಗದದಲ್ಲಿ ಸುತ್ತಿಕೊಂಡು ಭಾಲ್ಕಿಗೆ ಹೋದೆ.

ಉಸ್ತಾದ್ ಅದನ್ನು ಬೆಳಕಿಗೆ ಹಿಡಿದು ನೋಡಿ, ನನ್ನನ್ನೂ ನೋಡಿದ. ನಗಲಿಲ್ಲ. "ಅಣ್ಣಾರಿಗಿ ಹೇಳೀರೇನು?"

"ಇನ್ನಾ ಇಲ್ಲ."

"ಪಂಪ್ ಹಳೇದೇ ಅದರಿ ಮೇಡಂ," ಎಂದ ಅವನು, ನಾನು ಕೇಳುವ ಮೊದಲೇ. "ಬ್ಯಾರೆ ಗಾಡೀದು. ಒಳಗಿನ ಸೀಲ್ ಎಲ್ಲಾ ಹೊಸಾವು ಹಾಕೀನಿ. ಸಿಗೋ ಹೊಸಾ ಪಂಪ್ ದೊಡ್ಡವು, ಈ ಸಣ್ಣ ಇಂಜಿನ್‌ಗಿ ದಮ್ ಹತ್ತತದ. ಅಣ್ಣಾರಿಗಿ ಮೊದಲೇ ಹೇಳೀನಿ. ಅವರೇ ಅಂದರು, ತಂಗಿಗಿ ಹೇಳಬ್ಯಾಡ್ರಿ, ಬಣ್ಣಾ ಹಚ್ಚಿ ಬಿಡ್ರಿ ಅಂತ."

"ಆ ದಿನ ನೀವ್ಯಾಕ ಹೇಳಲಿಲ್ಲ?"

"ನೀವು ಕೇಳಿದ್ರ ಹೇಳ್ತಿದ್ದೆರಿ. ನೀವು ಫೋಟೋ ತೆಗದ್ರಿ."

ಫೋನಿನಲ್ಲಿ ಹಾಗೆ ಮಾತಾಡಬಾರದಿತ್ತು ಎಂದೆ. ಅವನು ತಲೆಯಾಡಿಸಿ, ಮರುದಿನ ಬರುವುದಾಗಿ ಹೇಳಿ, ಕೈಯಲ್ಲಿದ್ದ ಕೆಲಸಕ್ಕೆ ತಿರುಗಿದ.

ಹೇಳಿದಂತೆ ಮೋಟಾರ್‌ಸೈಕಲ್ ಮೇಲೆ ಎಕಂಬಾಕ್ಕೆ ಬಂದ. ನಾನೂ ಹೋಗಿದ್ದೆ. ಅಣ್ಣ ಔರಾದಿನಿಂದ ಹೊಸ ಎಣ್ಣೆ ತಂದಿದ್ದ. ಬೆಳ್ಳಗಿನದನ್ನೆಲ್ಲ ಬಸಿದು, ಪೈಪು ಬಿಚ್ಚಿ ಗಾಳಿ ಹೊಡೆದು, ಸ್ವಲ್ಪ ಎಣ್ಣೆ ಹಾಕಿ ತಿರುಗಿಸಿ, ಅದನ್ನೂ ಚೆಲ್ಲಿ, ಕೊನೆಗೆ ಪೂರ್ತಿ ತುಂಬಿದರು. ಉಂಗುರ ಮಾತ್ರ ಉಸ್ತಾದ್ ಹೊಸದೇ ಹಾಕಿದ. ಪಂಪು ಅಳುವುದು ನಿಂತಿತು.

ಅಲ್ಲೇ ನಿಂತು ಅಣ್ಣನಿಗೆ ಮುಚ್ಚಳದ ವಿಷಯ ಹೇಳಿದೆ. ಅವನು ಕೈ ಚಾಚಿ ಆ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿದ.

"ಪಂಪ್ ಹಳೇದಂತ ನೀನೂ ಹೇಳಲಿಲ್ಲ," ಎಂದೆ.

"ಹೇಳಿದ್ರ ನೀ ಬ್ಯಾಡಂತಿದ್ದಿ," ಎಂದ.

ಅದು ಸುಳ್ಳಲ್ಲ. ನಾನು ಬೇಡ ಎಂದೇ ಅನ್ನುತ್ತಿದ್ದೆ.

ಈ ವರ್ಷ ಮಳೆಗೆ ಮೊದಲು ತಿಪ್ಪೆಯ ಗೊಬ್ಬರವೆಲ್ಲ ಆ ಬಕೆಟ್ಟಿನಲ್ಲೇ ಹೊಲ ಸೇರಿತು. ಈಗ ಅಣ್ಣ ಟ್ರ್ಯಾಕ್ಟರಿಗೆ ಒಂದು ನಟ್ಟು ಹಾಕಿಸಿದರೂ ಫೋನು ಮಾಡಿ ತಿಳಿಸುತ್ತಾನೆ, ಯಾವ ಅಂಗಡಿಯದು, ಯಾರು ಬಿಗಿದರು, ಎಲ್ಲ. ನಾನು ಹ್ಞೂಂ ಅನ್ನುತ್ತ ಕೇಳುತ್ತೇನೆ. ಇಷ್ಟೆಲ್ಲ ವಿವರವಾಗಿ ಯಾಕೆ ಹೇಳುತ್ತಿದ್ದಾನೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ, ಆದರೆ ಕೇಳುವುದಿಲ್ಲ.